ಟಿಟಿ ಮನೆಗೊಂದು ಪುಟ್ಟ ಪ್ರಿಂಟರ್: ಆರಿಸುವುದು ಹೇಗೆ, ಸಾಕುವುದು ಹೇಗೆ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಓಣಿಯಲ್ಲಿ ಹದಿನಾಲ್ಕು ವರ್ಷ ಜೆರಾಕ್ಸ್ ಅಂಗಡಿ ನಡೆಸಿದವನು ನಾನು. ಈಗ ಅಂಗಡಿ ತಮ್ಮನ ಕೈಯಲ್ಲಿದೆ. ಹಳೆಯ ಟೆಂಪೋ ಟ್ರಾವೆಲರ್ (ಟಿಟಿ) ಒಂದಕ್ಕೆ ಮಂಚ, ಅಡುಗೆ ಕಟ್ಟೆ, ಸೋಲಾರ್ ಪ್ಯಾನೆಲ್ ಎಲ್ಲ ಹಾಕಿಸಿ, ನಾನು, ನನ್ನಾಕೆ, ಮಗ ಮೂವರೂ ರಜೆ ಸಿಕ್ಕಾಗಲೆಲ್ಲ ಹೊರಟುಬಿಡುತ್ತೇವೆ. ಗಾಡಿಗೆ ಪ್ರಿಂಟರ್ ಬೇಕು ಅಂದಾಗ ನೆಂಟರೆಲ್ಲ ನಕ್ಕರು. "ನಿಂಗೇನಪ್ಪ, ಅದು ನೀರು ಕುಡಿದ ಹಾಗೆ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ಟ್ರಿಪ್‌ಗೆ ಅಂಗಡಿಯಲ್ಲಿದ್ದ, ಬಾಟಲಿಯಿಂದ ಇಂಕ್ ಸುರಿದು ತುಂಬಿಸುವ ಇಂಕ್ ಟ್ಯಾಂಕ್ ಪ್ರಿಂಟರನ್ನೇ ಎತ್ತಿ ಗಾಡಿಗೆ ಹಾಕಿಕೊಂಡೆ. ದೇವರಾಯನದುರ್ಗದ ತಿರುವುಗಳಲ್ಲಿ ಅದು ಯಾವಾಗ ಮಗ್ಗುಲಿಗೆ ಬಿತ್ತೋ ಗೊತ್ತಿಲ್ಲ. ಮೇಲೆ ಹೋಗಿ ಬಾಗಿಲು ತೆಗೆದರೆ ಹಾಸಿಗೆ ತುಂಬ ನೀಲಿ, ಕೆಂಪು, ಹಳದಿ. ನನ್ನಾಕೆ ಬೈಯಲಿಲ್ಲ. "ಹೋಳಿ ಮುಗೀತೇನ್ರೀ?" ಅಂದಳು, ಅಷ್ಟೇ. ಆ ಹಾಸಿಗೆ ಈಗಲೂ ಇದೆ, ಕವರ್ ಮಾತ್ರ ಬದಲಾಗಿದೆ.

ಅವತ್ತು ನನಗೆ ಹೊಳೆದದ್ದು ಇಷ್ಟು. ಅಂಗಡಿಯ ಪ್ರಿಂಟರ್ ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತದೆ. ಗಾಡಿಯ ಪ್ರಿಂಟರ್ ಬಹುಪಾಲು ಸಮಯ ಸುಮ್ನೆ ಕೂತಿರುತ್ತದೆ. ಅದೂ ಎಲ್ಲಿ? ಬಿಸಿಲಲ್ಲಿ, ಧೂಳಲ್ಲಿ, ಕುಲುಕಾಟದಲ್ಲಿ. ಅಂಗಡಿಗೆ ಹೋದರೆ ಸೇಲ್ಸ್ ಹುಡುಗ ನಿಮಿಷಕ್ಕೆ ಎಷ್ಟು ಪುಟ, ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಅಂತ ಹೇಳುತ್ತಾನೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಮೂರು ವಾರ ಮುಟ್ಟದೆ ಇಟ್ಟು, ಒಂದು ದಿನ ಅರ್ಜೆಂಟಾಗಿ ಹಾಳೆ ಹಾಕಿದರೆ ಮೊದಲ ಪುಟ ನೆಟ್ಟಗೆ ಬರುತ್ತದಾ? ಮುಂದೆ ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಹೆಜ್ಜೆ 1: ನಿಜಕ್ಕೂ ಬೇಕಾ?

ಪ್ರಿಂಟ್‌ಔಟ್ ಮಾರಿ ಹೊಟ್ಟೆ ಹೊರೆದವನು ಈ ಮಾತು ಹೇಳಬಾರದು. ಆದರೂ ಹೇಳುತ್ತೇನೆ. ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಕಾಗದಕ್ಕೆಲ್ಲ ಪ್ರಿಂಟ್ ಬೇಕಿಲ್ಲ. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದ ಮೇಲೆ ಡಿಜಿಲಾಕರ್‌ನಲ್ಲೋ ಎಂ-ಪರಿವಾಹನ್‌ನಲ್ಲೋ ತೋರಿಸಿದರೆ ನಡೆಯುತ್ತದೆ. ರೈಲು ಟಿಕೆಟ್ ಫೋನಲ್ಲಿದ್ದು, ಜೊತೆಗೆ ಗುರುತಿನ ಚೀಟಿ ಇದ್ದರೆ ಸಾಕು. ಹೋಬಳಿ ಮಟ್ಟದ ಊರಲ್ಲೂ ಒಂದು ಜೆರಾಕ್ಸ್ ಅಂಗಡಿಯೋ ಗ್ರಾಮ ಒನ್ ಕೇಂದ್ರವೋ ಇದ್ದೇ ಇರುತ್ತದೆ.

ಹಾಗಾದರೆ ಯಾರಿಗೆ ಬೇಕು? ಗಾಡಿಯಲ್ಲಿದ್ದುಕೊಂಡೇ ಕೆಲಸ ಮಾಡುವವರಿಗೆ ಬೇಕು. ನನ್ನಾಕೆ ವಿಮೆ ಏಜೆಂಟ್. ಕೆಲವು ಫಾರಂಗಳಿಗೆ ಇವತ್ತಿಗೂ ಪೆನ್ನಿನ ಸಹಿಯೇ ಆಗಬೇಕು. ಮಕ್ಕಳ ವರ್ಕ್‌ಶೀಟ್ ಇರುವವರಿಗೆ ಬೇಕು. ಫೋಟೋ ತೆಗೆದು ಅಲ್ಲೇ ಕೈಗೆ ಕೊಡುವ ಹುಚ್ಚಿರುವವರಿಗೂ ಬೇಕು. ಒಂದು ತಿಂಗಳು ಲೆಕ್ಕ ಇಡಿ. ಹೊರಗೆ ಎಷ್ಟು ಪುಟ ಪ್ರಿಂಟ್ ಹಾಕಿಸಿದಿರಿ, ಎಷ್ಟು ಸಲ ಅಂಗಡಿ ಹುಡುಕಿ ಸುತ್ತಿದಿರಿ, ಬರೆದಿಡಿ. ಹತ್ತು ಪುಟದೊಳಗಿದ್ದರೆ ಪ್ರಿಂಟರ್ ದುಡ್ಡಲ್ಲಿ ಗಾಡಿಗೆ ಒಳ್ಳೆಯ ಫ್ಯಾನ್ ಹಾಕಿಸಿ.

ಹೆಜ್ಜೆ 2: ಹಾಳೆಯಾ, ಫೋಟೋನಾ?

ಎರಡಕ್ಕೂ ಒಂದೇ ಮೆಷಿನ್ ಅಂತ ಹೊರಟರೆ ಎರಡೂ ಅರ್ಧಂಬರ್ಧ ಆಗುತ್ತದೆ. ಎ4 ಹಾಳೆ ಜಾಸ್ತಿಯಾ, ಅಂಗೈ ಅಗಲದ ಫೋಟೋ ಜಾಸ್ತಿಯಾ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಕಲರ್ ಬೇಕಾ ಅನ್ನುವುದನ್ನೂ ಯೋಚಿಸಿ. ಫಾರಂ, ಬಿಲ್, ಪಹಣಿ ಇವೆಲ್ಲ ಕಪ್ಪಲ್ಲೇ ಆಗುತ್ತವೆ.

ಸ್ಕ್ಯಾನರ್ ಇರುವ ಆಲ್-ಇನ್-ಒನ್ ಆಸೆ ಎಲ್ಲರಿಗೂ ಬರುತ್ತದೆ. ಗಾಡಿಗೆ ಬೇಡ. ಮೇಲೊಂದು ದೊಡ್ಡ ಗಾಜು, ಅದರ ತೂಕ, ಅದು ಒಡೆಯುವ ಭಯ, ಯಾಕೆ ಸುಮ್ನೆ? ಫೋನ್ ಕ್ಯಾಮೆರಾದಲ್ಲೇ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಬಹುದು. ಕಿಟಕಿ ಪಕ್ಕದ ಬೆಳಕಲ್ಲಿ, ಕಪ್ಪು ಬಟ್ಟೆಯ ಮೇಲೆ ಹಾಳೆ ಇಟ್ಟು ತೆಗೆದರೆ ಅಂಚು ತಾನಾಗೇ ನೀಟಾಗಿ ಕತ್ತರಿಸಿಕೊಳ್ಳುತ್ತದೆ.

ಹೆಜ್ಜೆ 3: ಯಾವ ಜಾತಿಯ ಪ್ರಿಂಟರ್?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಎಡವುವುದು ಇಲ್ಲೇ.

ಲೇಸರ್‌ನಿಂದ ಶುರು ಮಾಡುತ್ತೇನೆ, ಅದು ನನ್ನ ಹಳೆಯ ಸ್ನೇಹಿತ. ಕ್ಯಾನನ್ ಎಲ್‌ಬಿಪಿ2900 ನೋಡದ ಜೆರಾಕ್ಸ್ ಅಂಗಡಿ ನಮ್ಮ ಕಡೆ ಇಲ್ಲ. ಸುಮ್ನೆ ಕೂರುವ ವಿಷಯದಲ್ಲಿ ಲೇಸರ್‌ಗೆ ಸಾಟಿಯೇ ಇಲ್ಲ. ಒಳಗಿರುವುದು ಟೋನರ್ ಪುಡಿ. ಪುಡಿ ಒಣಗುವುದು ಅಂತ ಇಲ್ಲವಲ್ಲ! ಆರು ತಿಂಗಳು ಬಿಟ್ಟು ಆನ್ ಮಾಡಿದರೂ ಕಪ್ಪಗೆ, ಸ್ಪಷ್ಟವಾಗಿ ಬರುತ್ತದೆ. ಹಾಗಾದರೆ ಅದನ್ನೇ ತಗೊಳ್ಳಬಹುದಲ್ಲ ಅಂದರೆ, ಎರಡು ತೊಡಕಿದೆ. ಒಂದು ತೂಕ. ಈ 2900 ಐದೂವರೆ ಕೆ.ಜಿ. ದಾಟುತ್ತದೆ. ಇನ್ನೊಂದು ಕರೆಂಟ್. ಪುಡಿಯನ್ನು ಹಾಳೆಗೆ ಅಂಟಿಸಲು ಒಳಗೊಂದು ರೋಲರ್ ಸುಮಾರು 200 ಡಿಗ್ರಿವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಅದು ಇಸ್ತ್ರಿ ಪೆಟ್ಟಿಗೆಯ ಹಾಗೆ ಕರೆಂಟ್ ಎಳೆಯುತ್ತದೆ. ಹೋದ ಕಡೆಯೆಲ್ಲ ಹೋಮ್‌ಸ್ಟೇ ಅಂಗಳದಲ್ಲೇ ಗಾಡಿ ನಿಲ್ಲಿಸಿ, ಅವರ ಪ್ಲಗ್‌ಗೇ ವೈರ್ ಕೊಡುವವರಾದರೆ ಲೇಸರ್ ತಗೊಳ್ಳಿ, ನೆಮ್ಮದಿಯಾಗಿರಿ. ನಮ್ಮ ಹಾಗೆ ಮಾರ್ಕೋನಹಳ್ಳಿ ಡ್ಯಾಂ ಹತ್ತಿರ, ಯಾವುದೋ ತೋಟದ ಅಂಚಲ್ಲಿ ರಾತ್ರಿ ಕಳೆಯುವವರಾದರೆ ಬೇಡ.

ಎರಡನೆಯದು ಥರ್ಮಲ್. ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮೆಷಿನ್ ನೋಡಿದ್ದೀರಲ್ವಾ, ಅದೇ ಉಪಾಯ. ಇಂಕ್ ಇಲ್ಲ, ಪುಡಿ ಇಲ್ಲ. ಕಾಗದಕ್ಕೇ ರಾಸಾಯನಿಕ ಬಳಿದಿರುತ್ತಾರೆ, ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ. ಎ4 ಅಳತೆಯಲ್ಲೇ ಬರುವ ಬ್ರದರ್ ಪಾಕೆಟ್‌ಜೆಟ್ ಸರಣಿಯದು ಅರ್ಧ ಕೆ.ಜಿ. ಆಸುಪಾಸು, ಒಂದು ಉದ್ದ ಕನ್ನಡಕದ ಡಬ್ಬಿಯಷ್ಟು. ಒಣಗುವುದಕ್ಕೆ ಏನೂ ಇಲ್ಲದ ಕಾರಣ ಎಷ್ಟು ದಿನ ಬೇಕಾದರೂ ಕೂತಿರುತ್ತದೆ. ಆದರೆ ಬರೆದದ್ದು ಉಳಿಯಬೇಕಲ್ಲ? ಬಿಸಿಲಿಗೆ ಮಾಸುತ್ತದೆ, ಎಣ್ಣೆ ಕೈ ತಾಗಿದರೆ ಅಳಿಸುತ್ತದೆ, ಲ್ಯಾಮಿನೇಶನ್ ಮಾಡಿಸಲು ಹೋದರೆ ಹಾಳೆ ಪೂರ್ತಿ ಕಪ್ಪಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಶಿರಾ ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಆ ಹಾಳೆ ಇಟ್ಟು ನೋಡಿ, ಗೊತ್ತಾಗುತ್ತದೆ. ಜೊತೆಗೆ ಆ ಕಾಗದ ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಕ್‌ಶೀಟ್‌ಗೆ, ಇವತ್ತು ನೋಡಿ ನಾಳೆ ಎಸೆಯುವ ಕಾಗದಕ್ಕೆ ಅದು ಚೆನ್ನ. ಸಹಿ ಹಾಕಿ ಕಚೇರಿಗೆ ಕೊಡುವ ಫಾರಂಗೆ ಆಗದು.

ಇಂಕ್ ಟ್ಯಾಂಕ್ ಪ್ರಿಂಟರ್ ಬಗ್ಗೆ ನನ್ನ ಹಾಸಿಗೆಯೇ ಸಾಕ್ಷಿ ಹೇಳಿದೆ. ಪುಟಕ್ಕೆ ಬೀಳುವ ಖರ್ಚು ಅದರಲ್ಲಿ ತೀರಾ ಕಮ್ಮಿ, ನಿಜ. ಆದರೆ ಅದನ್ನು ಮಟ್ಟವಾಗಿಯೇ ಇಡಬೇಕು. ಕೆಲವು ಮಾಡೆಲ್‌ನಲ್ಲಿ ಸಾಗಿಸುವಾಗ ಹಾಕುವ ಲಾಕ್ ಇರುತ್ತದೆ. ಆ ಲಾಕ್ ಮನೆ ಬದಲಾಯಿಸುವಾಗ ಒಮ್ಮೆ ಹಾಕಲಿಕ್ಕೆ. ದಿನಾ ಘಾಟಿ ಹತ್ತಿ ಇಳಿಯುವವರಿಗಲ್ಲ.

ಉಳಿದದ್ದು ಕಾರ್ಟ್ರಿಜ್ ಹಾಕುವ ಇಂಕ್‌ಜೆಟ್. ಗಾಡಿಗೆ ನನ್ನ ಓಟು ಇದಕ್ಕೇ. ಪ್ರಯಾಣಕ್ಕೆಂದೇ ಮಾಡಿದ ಚಿಕ್ಕವು ಇದರಲ್ಲಿವೆ: ಕ್ಯಾನನ್ ಪಿಕ್ಸ್ಮಾ ಟಿಆರ್150, ಎಚ್‌ಪಿ ಆಫೀಸ್‌ಜೆಟ್ 200, ಎಪ್ಸನ್ ವರ್ಕ್‌ಫೋರ್ಸ್ ಡಬ್ಲ್ಯುಎಫ್-100. ಮೂರೂ ಒಂದೂವರೆಯಿಂದ ಎರಡೂಕಾಲು ಕೆ.ಜಿ. ಒಳಗೆ. ಬ್ಯಾಟರಿ ಎಪ್ಸನ್‌ನಲ್ಲಿ ಒಳಗೇ ಇರುತ್ತದೆ. ಉಳಿದೆರಡಕ್ಕೆ ಕಳಚಿ ಹಾಕುವ ಬ್ಯಾಟರಿ ಬರುತ್ತದೆ. ಕ್ಯಾನನ್‌ಗೆ ಅದನ್ನು ಬೇರೆಯಾಗಿ ಕೊಳ್ಳಬೇಕಾಗಬಹುದು, ಕೇಳಿ ತಗೊಳ್ಳಿ.

ಇವುಗಳಲ್ಲಿ ಆರಿಸುವಾಗ ಬಾಕ್ಸ್ ಮೇಲೆ ದೊಡ್ಡದಾಗಿ ಬರೆಯದ ಒಂದು ವಿಷಯ ನೋಡಿ: ಇಂಕ್ ಚಿಮ್ಮುವ ಹೆಡ್ ಎಲ್ಲಿದೆ? ಕೆಲವದರಲ್ಲಿ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ, ಆಫೀಸ್‌ಜೆಟ್ 200 ಹಾಗೆ. ಕೆಲವದರಲ್ಲಿ ಹೆಡ್ ಮೆಷಿನ್‌ನಲ್ಲೇ ಇರುತ್ತದೆ, ಕಾರ್ಟ್ರಿಜ್ ಬರೀ ಇಂಕ್ ಡಬ್ಬಿ. ಕ್ಯಾನನ್ ಟಿಆರ್150, ಎಪ್ಸನ್ ಎರಡೂ ಈ ಗುಂಪಿನವು. ಕೂದಲಿಗಿಂತ ಸಣ್ಣ ತೂತುಗಳಲ್ಲಿ ಇಂಕ್ ಒಣಗಿ ಕಟ್ಟಿಕೊಂಡಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲನೆಯ ಥರದ್ದಾದರೆ ಹೊಸ ಕಾರ್ಟ್ರಿಜ್ ಹಾಕಿದ ಕೂಡಲೇ ಹೆಡ್ಡೂ ಹೊಸದು. ಎರಡನೆಯ ಥರದ್ದಾದರೆ ರಿಪೇರಿಯವನ ಬಾಗಿಲು. ವಾರಕ್ಕೆರಡು ಸಲವಾದರೂ ಪ್ರಿಂಟ್ ಹಾಕುವವರಿಗೆ ಎರಡೂ ಒಂದೇ. ತಿಂಗಳುಗಟ್ಟಲೆ ಗಾಡಿ ಶೆಡ್ಡಲ್ಲಿ ನಿಲ್ಲಿಸುವವರು ಹೆಡ್ ಇರುವ ಕಾರ್ಟ್ರಿಜ್‌ನದ್ದನ್ನೇ ತಗೊಳ್ಳಿ. ಪುಟದ ಖರ್ಚು ಸ್ವಲ್ಪ ಜಾಸ್ತಿ ಬೀಳುತ್ತದೆ, ಬೀಳಲಿ.

ಕಪ್ಪು ಇಂಕಲ್ಲೂ ಎರಡು ಥರ. ಪಿಗ್ಮೆಂಟ್ ಇಂಕ್ ಆದರೆ ಒದ್ದೆ ಕೈ ತಾಗಿದರೂ ಅಷ್ಟಾಗಿ ಹರಡುವುದಿಲ್ಲ. ಡೈ ಇಂಕ್ ಹರಡುತ್ತದೆ. ಗಾಡಿಯಲ್ಲಿ ಪಾತ್ರೆ ತೊಳೆಯುವ ಜಾಗಕ್ಕೂ ಬರೆಯುವ ಜಾಗಕ್ಕೂ ಮೂರು ಅಡಿ ಅಂತರ. ಪಿಗ್ಮೆಂಟ್ ಕಪ್ಪು ಇರುವುದನ್ನೇ ಕೇಳಿ.

ಕಾರ್ಟ್ರಿಜ್ ಡಬ್ಬಿಯ ಮೇಲೆ ಎಷ್ಟು ಪುಟ ಅಂತ ಬರೆದಿರುತ್ತಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ಅದು ಹಾಳೆಯ ಸುಮಾರು ಐದು ಪರ್ಸೆಂಟ್ ಜಾಗಕ್ಕೆ ಮಾತ್ರ ಇಂಕ್ ಬೀಳುವಂಥ ಪುಟದ ಲೆಕ್ಕ. ಅಂದರೆ ನಾಲ್ಕು ಪ್ಯಾರಾ ಇರುವ ಒಂದು ಪತ್ರ. ಮಕ್ಕಳ ವರ್ಕ್‌ಶೀಟ್‌ನಲ್ಲಿ ಒಂದು ಆನೆ ಚಿತ್ರ ಬಂದರೆ ಲೆಕ್ಕವೆಲ್ಲ ಉಲ್ಟಾ. ಈ ಪುಟ್ಟ ಪ್ರಿಂಟರ್‌ಗಳ ಸಣ್ಣ ಕಾರ್ಟ್ರಿಜ್ ಅಂದರೆ ಇನ್ನೂರು ಪುಟದ ಹತ್ತಿರ ಅಂತ ಇಟ್ಟುಕೊಳ್ಳಿ. ಮೆಷಿನ್ ಕೊಳ್ಳುವ ಮೊದಲು ಅದರ ಕಾರ್ಟ್ರಿಜ್ ನಂಬರ್ ಬರೆದುಕೊಂಡು ಎಂ.ಜಿ. ರಸ್ತೆಯ ಎರಡು ಅಂಗಡಿಯಲ್ಲಿ ಕೇಳಿ. "ತರಿಸಿಕೊಡ್ತೀವಿ ಸಾರ್" ಅಂದರೆ ಇಲ್ಲ ಅಂತಲೇ ಅರ್ಥ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ ಅಂತಾದರೆ ಮೆಷಿನ್ ಜೊತೆಯಲ್ಲೇ ಎರಡು ಸೆಟ್ ತಂದುಬಿಡಿ.

ಫೋಟೋದ ಮಾತು

ಸಿದ್ಧಗಂಗೆ ಜಾತ್ರೆಗೆ ಹೋದಾಗ ದನಗಳ ಪರಿಷೆಯಲ್ಲಿ ಒಬ್ಬ ಅಜ್ಜ ಹಳ್ಳಿಕಾರ್ ಜೋಡಿ ಕಟ್ಟಿಕೊಂಡು ನಿಂತಿದ್ದರು. ಕೊಂಬಿಗೆ ಟೇಪು, ಕೊರಳಿಗೆ ಗೆಜ್ಜೆ. ಫೋಟೋ ತೆಗೆದೆ. "ಎಲ್ಲಾರೂ ತೆಕ್ಕೊಂಡು ಫೋನಾಗೆ ಇಟ್ಕೊಂಡು ಹೋಗ್ತಾರೆ, ನಮ್ಗೇನಪ್ಪ ಸಿಗ್ತದೆ?" ಅಂದರು. ಆ ಮಾತಿಗೆ ನಾಚಿಕೆಯಾಗಿ ಮುಂದಿನ ವರ್ಷ ಹೋಗುವಷ್ಟರಲ್ಲಿ ಫೋಟೋಗೇ ಬೇರೆ ಪ್ರಿಂಟರ್ ತಂದಿದ್ದೆ.

ಇದಕ್ಕೆ ಡೈ-ಸಬ್ಲಿಮೇಶನ್ ಅನ್ನುವ ಜಾತಿ ಸರಿ. ಕ್ಯಾನನ್ ಸೆಲ್ಫಿ ಸಿಪಿ1300, ಸಿಪಿ1500 ಈ ಥರದವು. ಒಂದು ಕೆ.ಜಿ.ಗೂ ಕಮ್ಮಿ ತೂಕ. ಇದರಲ್ಲಿ ದ್ರವದ ಇಂಕ್ ಇಲ್ಲ, ಬಣ್ಣದ ರಿಬ್ಬನ್ ಇದೆ. ಬಿಸಿಗೆ ಬಣ್ಣ ಆವಿಯಾಗಿ ಕಾಗದಕ್ಕೆ ಇಳಿಯುತ್ತದೆ. ಹಳದಿ, ಕೆಂಪು, ನೀಲಿ, ಕೊನೆಗೊಂದು ಪಾರದರ್ಶಕ ಪದರ, ಹೀಗೆ ಕಾಗದ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತದೆ. ಒಂದು ಫೋಟೋಗೆ ಮುಕ್ಕಾಲು ನಿಮಿಷದ ಸುತ್ತಮುತ್ತ. ಹೊರಗೆ ಬಂದ ಫೋಟೋ ಒಣಗಿರುತ್ತದೆ, ನೀರು ಬಿದ್ದರೂ ಒರೆಸಬಹುದು. ಒಣಗುವ ಹೆಡ್ ಇಲ್ಲದ್ದರಿಂದ ನಮ್ಮ ಮೂರು ವಾರದ ಪರೀಕ್ಷೆಯಲ್ಲೂ ಇದು ಪಾಸು. ರಿಬ್ಬನ್ ಮತ್ತು ಕಾಗದ ಲೆಕ್ಕಕ್ಕೆ ಸರಿಯಾಗಿ ಒಟ್ಟಿಗೇ ಬರುತ್ತವೆ, 108 ಹಾಳೆಯ ಸೆಟ್ ಸಾಮಾನ್ಯ. ಹಾಗಾಗಿ ಫೋಟೋ ಒಂದಕ್ಕೆ ಎಷ್ಟು ಬಿತ್ತು ಅಂತ ಪೈಸೆ ಲೆಕ್ಕ ಹೇಳಬಹುದು.

ಎರಡು ಎಚ್ಚರ. ಪ್ರಿಂಟ್ ಆಗುವಾಗ ಕಾಗದ ಮೆಷಿನ್‌ನ ಹಿಂದಿನಿಂದಲೂ ಹೊರಗೆ ಬರುತ್ತದೆ. ಗೋಡೆಗೆ ಒತ್ತಿಟ್ಟರೆ ಸಿಕ್ಕಿಹಾಕಿಕೊಳ್ಳುತ್ತದೆ. ಪರಿಷೆಯ ಧೂಳಿನಲ್ಲಿ ಬಾಗಿಲು ತೆರೆದಿಟ್ಟು ಪ್ರಿಂಟ್ ಹಾಕಿದರೆ ಎತ್ತಿನ ಮೈಮೇಲೆ ಬಿಳಿ ಚುಕ್ಕೆ ಬರುತ್ತವೆ. ನನಗೆ ಬಂದವು. ಅಜ್ಜ "ಇದ್ಯಾವ ತಳಿ ಮಾಡ್ಬಿಟ್ಟೆ?" ಅಂದರು. ಇನ್ನೊಂದು ಗುಟ್ಟೂ ಇದೆ. ಮುಗಿದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿದರೆ ನೀವು ಹಾಕಿದ ಪ್ರತಿ ಫೋಟೋ ಅದರಲ್ಲಿ ನೆಗೆಟಿವ್ ಥರ ಕಾಣುತ್ತದೆ. ಮನೆಯವರ ಫೋಟೋ ಇದ್ದರೆ ಕತ್ತರಿಸಿ ಎಸೆಯಿರಿ.

ಹೆಜ್ಜೆ 4: ಕರೆಂಟಿನ ಲೆಕ್ಕ

ನಮ್ಮ ಗಾಡಿಯ ಕರೆಂಟ್ ಕೆಲಸ ಮಾಡಿದ್ದು ಬಾಮೈದ. ಅವನು ಒಂದು ಹಾಳೆಯಲ್ಲಿ ಬರೆದುಕೊಟ್ಟ ಲೆಕ್ಕ ಈಗಲೂ ಬೀರುವಿನ ಬಾಗಿಲಿಗೆ ಅಂಟಿಸಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮನೆಯ ಇನ್ವರ್ಟರ್‌ಗೆ ಹಾಕುವಂಥ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಇದೆ ಅಂದುಕೊಳ್ಳಿ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಕೈಗೆ ಸಿಗುವುದು 75 ಗುಣಿಸು 12, ಅಂದರೆ 900 ವಾಟ್-ಅವರ್. ಪುಟ್ಟ ಇಂಕ್‌ಜೆಟ್ ಪ್ರಿಂಟ್ ಮಾಡುವಾಗ 15 ವಾಟ್ ಆಸುಪಾಸು ತಿನ್ನುತ್ತದೆ. ಹತ್ತು ನಿಮಿಷ ಓಡಿಸಿದರೂ ಎರಡೂವರೆ ವಾಟ್-ಅವರ್. ಲೆಕ್ಕಕ್ಕೇ ಇಲ್ಲ.

ಆದರೆ ಅದಕ್ಕಾಗಿ ಇನ್ವರ್ಟರ್ ಆನ್ ಮಾಡಿ ಇಡುತ್ತೀರಲ್ವಾ? ಏನೂ ಕೆಲಸ ಮಾಡದೆ ಆನ್ ಆಗಿರುವ ಇನ್ವರ್ಟರ್ ತನ್ನ ಪಾಡಿಗೆ ತಾನೇ 10–15 ವಾಟ್ ತಿನ್ನಬಹುದು. ಹದಿನೈದು ಅಂದರೆ ದಿನಕ್ಕೆ 360 ವಾಟ್-ಅವರ್. ಬ್ಯಾಟರಿಯಿಂದ ಕೈಗೆ ಸಿಗುವುದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದೇ ಒಂದು ಹಾಳೆ ಪ್ರಿಂಟ್ ಆಗದೆ! ಅದಕ್ಕೇ ಸ್ವಂತ ಬ್ಯಾಟರಿ ಇರುವ ಪ್ರಿಂಟರ್ ಅಥವಾ ಯುಎಸ್‌ಬಿಯಿಂದ ಚಾರ್ಜ್ ಆಗುವ ಪ್ರಿಂಟರ್ ಗಾಡಿಗೆ ವಾಸಿ. ಗಾಡಿ ಓಡುವಾಗ ಚಾರ್ಜ್ ಮಾಡಿ, ನಿಂತಾಗ ಪ್ರಿಂಟ್ ಹಾಕಿ, ಇನ್ವರ್ಟರ್ ಮುಟ್ಟುವ ಕೆಲಸವೇ ಇಲ್ಲ.

ಲೇಸರ್ ಲೆಕ್ಕವನ್ನೂ ನೋಡಿಬಿಡಿ. ಕಾಯುವಾಗ 800 ವಾಟ್ ಎಳೆಯಿತು ಅಂದರೆ, ಇನ್ವರ್ಟರ್‌ನಲ್ಲಿ ಪೋಲಾಗುವುದನ್ನೂ ಸೇರಿಸಿ ಬ್ಯಾಟರಿಯಿಂದ 75 ಆಂಪಿಯರ್ ಮೇಲೆ ಹರಿಯಬೇಕು. ಅಷ್ಟಕ್ಕೆ ಕಿರುಬೆರಳು ದಪ್ಪದ ವೈರ್ ಬೇಕು. ಸಣ್ಣ ಇನ್ವರ್ಟರ್ ಕೀಂಯ್ ಅಂತ ಕೂಗಿ ಟ್ರಿಪ್ ಆಗುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ ಅಂತ ಎಷ್ಟೋ ಮ್ಯಾನ್ಯುಯಲ್‌ಗಳಲ್ಲೇ ಬರೆದಿರುತ್ತದೆ.

ಸಿಗರೇಟ್ ಸಾಕೆಟ್‌ಗೆ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಫ್ಯೂಸ್ ಇರುತ್ತದೆ. ಅಂದರೆ 120ರಿಂದ 180 ವಾಟ್‌ವರೆಗೆ. ಇಂಕ್‌ಜೆಟ್, ಫೋಟೋ ಪ್ರಿಂಟರ್ ಚಾರ್ಜ್ ಮಾಡಲು ಇದು ಬೇಕಾದಷ್ಟಾಯಿತು. ಇನ್ವರ್ಟರ್ ಕೊಳ್ಳುವುದೇ ಆದರೆ ಮನೆಯ ಕರೆಂಟಿನಂಥದ್ದನ್ನೇ ಕೊಡುವ ಪ್ಯೂರ್ ಸೈನ್ ವೇವ್‌ನದ್ದನ್ನೇ ಕೊಳ್ಳಿ. ಮತ್ತೊಂದು: ಅಡಾಪ್ಟರ್ ಕತ್ತರಿಸಿ ವೈರನ್ನು ನೇರವಾಗಿ ಗಾಡಿಯ 12 ವೋಲ್ಟ್‌ಗೆ ಕೊಡುವ ಬುದ್ಧಿವಂತಿಕೆ ಬೇಡ. ಅಡಾಪ್ಟರ್ ಹಿಂದೆ ಔಟ್‌ಪುಟ್ ಎಷ್ಟು ಅಂತ ಬರೆದಿದೆ, ಓದಿ. 12 ಇರುವುದು ಅಪರೂಪ. ಎಂಜಿನ್ ಓಡುವಾಗ ಗಾಡಿಯ 12 ಕೂಡ 14 ದಾಟಿರುತ್ತದೆ.

ಹೆಜ್ಜೆ 5: ಟೇಪು ಹಿಡಿದು ಅಳೆಯಿರಿ

ಬಾಕ್ಸ್ ಮೇಲಿನ ಅಳತೆ ಮುಚ್ಚಿದ ಪ್ರಿಂಟರ್‌ನದು. ಟಿಆರ್150 ಮುಚ್ಚಿದಾಗ ಸುಮಾರು 32 ಸೆಂ.ಮೀ. ಅಗಲ, 18.5 ಸೆಂ.ಮೀ. ಆಳ, 6.6 ಸೆಂ.ಮೀ. ದಪ್ಪ. ಊಟದ ಕ್ಯಾರಿಯರ್‌ಗಿಂತ ಚಿಕ್ಕದು. ಆದರೆ ಎ4 ಹಾಳೆ 29.7 ಸೆಂ.ಮೀ. ಉದ್ದ ಇದೆಯಲ್ಲ, ಅದು ಹಿಂದೆ ನೆಟ್ಟಗೆ ನಿಂತು ಮುಂದೆ ಉದ್ದಕ್ಕೆ ಬರಬೇಕು. ಮೇಲೊಂದು ಅಡಿ, ಮುಂದೊಂದು ಅಡಿ ಖಾಲಿ ಜಾಗ ಬೇಕೇ ಬೇಕು. ಮೇಲಿನ ಬೀರುವಿನ ಅಂಚಿಗೆ ಹಾಳೆ ತಾಗಿದರೆ ಸೊಟ್ಟ ಎಳೆಯುತ್ತದೆ. ರಟ್ಟಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿ, ಹಿಂದೆ ಒಂದು ಹಾಳೆ ಸಿಕ್ಕಿಸಿ, ಗಾಡಿಯೊಳಗೆ ಎಲ್ಲೆಲ್ಲಿ ಕೂರುತ್ತದೆ ನೋಡಿ.

ಇಡುವ ಜಾಗ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಕೆಳಗಿನ ಗೂಡಿನಲ್ಲಿ ಇರಲಿ. ಹಿಂದಿನ ಚಕ್ರದಿಂದ ಆಚೆಗೆ ಚಾಚಿಕೊಂಡಿರುವ ಭಾಗದಲ್ಲಿ ಕುಲುಕಾಟ ಜಾಸ್ತಿ. ಲಾಸ್ಟ್ ಸೀಟಲ್ಲಿ ಕೂತು ಬಸ್ಸಲ್ಲಿ ಹೋದವರಿಗೆ ಹೇಳಬೇಕಿಲ್ಲ. ಬೆಲ್ಟ್ ಹಾಕಿ ಬಿಗಿಯಿರಿ. ಸಡನ್ ಬ್ರೇಕ್ ಹಾಕಿದಾಗ ಎರಡು ಕೆ.ಜಿ. ಪ್ರಿಂಟರ್ ಹಾರಿಬಂದರೆ ತಲೆಗೆ ಕಲ್ಲು ಬಿದ್ದ ಹಾಗೆ.

ಕಾಗದದ ತೂಕವನ್ನೂ ಮರೆಯಬೇಡಿ. 75 ಜಿಎಸ್‌ಎಂನ (ಚದರ ಮೀಟರ್‌ಗೆ 75 ಗ್ರಾಂ ತೂಗುವ) 500 ಹಾಳೆಯ ಒಂದು ರಿಮ್ ಎರಡು ಕೆ.ಜಿ. ಮುನ್ನೂರು ಗ್ರಾಂ ದಾಟುತ್ತದೆ, ಪ್ರಿಂಟರ್‌ಗಿಂತ ಭಾರ. ಐವತ್ತು ಹಾಳೆ ಸಾಕು.

ಹೆಜ್ಜೆ 6: ಫೋನ್ ಜೊತೆ ಹೊಂದುತ್ತದಾ?

ಗಾಡಿಯಲ್ಲಿ ವೈಫೈ ರೂಟರ್ ಇಲ್ಲ, ಕೆಲವು ಕಡೆ ಸಿಗ್ನಲ್ಲೂ ಇಲ್ಲ. ಹಾಗಾಗಿ ವೈಫೈ ಡೈರೆಕ್ಟ್ ಇರಲೇಬೇಕು. ಅಂದರೆ ಪ್ರಿಂಟರ್ ತಾನೇ ಒಂದು ಸಣ್ಣ ವೈಫೈ ಹಾಕಿಕೊಳ್ಳುತ್ತದೆ, ಫೋನ್ ಅದಕ್ಕೇ ಸೇರಿಕೊಳ್ಳುತ್ತದೆ, ಇಂಟರ್ನೆಟ್ ಮಾತೇ ಬೇಡ. ಹಾಟ್‌ಸ್ಪಾಟ್ ಮೂಲಕವೂ ಮಾಡಬಹುದು. ಒಬ್ಬರ ಫೋನಿಂದ ಹಾಟ್‌ಸ್ಪಾಟ್ ಕೊಟ್ಟು ಪ್ರಿಂಟರನ್ನೂ ಇನ್ನೊಂದು ಫೋನನ್ನೂ ಅದಕ್ಕೇ ಸೇರಿಸಿ. ಪ್ರಿಂಟರ್‌ಗೆ ಹಾಟ್‌ಸ್ಪಾಟ್ ಕಾಣಿಸುತ್ತಲೇ ಇಲ್ಲ ಅಂದರೆ ಫೋನ್ ಸೆಟ್ಟಿಂಗ್‌ನಲ್ಲಿ ಅದನ್ನು 2.4 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಪುಟ್ಟ ಪ್ರಿಂಟರ್‌ಗಳಲ್ಲಿ ಹಲವಕ್ಕೆ 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ.

ಐಫೋನ್‌ನವರು ಏರ್‌ಪ್ರಿಂಟ್, ಆಂಡ್ರಾಯ್ಡ್‌ನವರು ಮೊಪ್ರಿಯಾ ಅನ್ನುವ ಹೆಸರು ಬಾಕ್ಸ್ ಮೇಲೆ ಇದೆಯಾ ನೋಡಿ. ಇದ್ದರೆ ಕಂಪನಿಯ ಆಪ್ ಇಲ್ಲದೆಯೂ ನಡೆಯುತ್ತದೆ. ಕೆಲವು ಪ್ರಿಂಟರ್‌ಗಳಿಗೆ ಸದಾ ಇಂಟರ್ನೆಟ್ ಬೇಕು, ಖಾತೆ ತೆರೆದು ಲಾಗಿನ್ ಆಗಬೇಕು, ಇಂಕ್ ಚಂದಾ ಕಟ್ಟಬೇಕು ಅನ್ನುವ ಷರತ್ತಿರುತ್ತದೆ. ಬೆಲೆ ಎಷ್ಟೇ ಕಮ್ಮಿ ಇರಲಿ, ಅಂಥದ್ದು ಗಾಡಿಗೆ ಬೇಡ. ಒಂದು ಯುಎಸ್‌ಬಿ ಕೇಬಲ್ ಮತ್ತು ಅದನ್ನು ಫೋನಿಗೆ ಸೇರಿಸುವ ಒಟಿಜಿ ಪಿನ್ ಜೊತೆಗಿರಲಿ.

ಹೆಜ್ಜೆ 7: ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಡೆಮೊ ಕೊಡಿ ಅಂತ ಕೇಳಿ, ಸಂಕೋಚ ಬೇಡ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ವೈಫೈ ಮಾತ್ರ ಆನ್ ಮಾಡಿ. ಪ್ರಿಂಟರ್‌ನ ಕರೆಂಟ್ ವೈರ್ ಕಿತ್ತು ಬ್ಯಾಟರಿಯಲ್ಲೇ ಇಡಿ. ಈಗ ಒಂದು ಪಿಡಿಎಫ್ ಪ್ರಿಂಟ್ ಹಾಕಿಸಿ. ಬಂದರೆ ಅದು ಗಾಡಿ ಪ್ರಿಂಟರ್. "ನೆಟ್ ಬೇಕು ಸಾರ್" ಅಂದರೆ ಟೀ ಕುಡಿದು ಹೊರಟುಬನ್ನಿ.

ಸೆಕೆಂಡ್ ಹ್ಯಾಂಡ್ ಆದರೆ ಹೆಡ್‌ನ ತೂತುಗಳನ್ನು ಪರೀಕ್ಷಿಸುವ ನಾಝಲ್ ಚೆಕ್ ಪುಟ ಹಾಕಿಸಿ ಗೆರೆಗಳೆಲ್ಲ ತುಂಡಾಗದೆ ಬಂದಿವೆಯಾ ನೋಡಿ. ಬ್ಯಾಟರಿ ಸತ್ತಿರುವ ಸಾಧ್ಯತೆಯೇ ಜಾಸ್ತಿ, ಹೊಸ ಬ್ಯಾಟರಿ ಬೆಲೆ ಕೇಳಿಕೊಂಡು ಚೌಕಾಸಿ ಮಾಡಿ. ಹೆಡ್ ತೊಳೆದ ಇಂಕ್ ಹೋಗಿ ಸೇರುವ ಸ್ಪಂಜ್ ನಾವೇ ಬದಲಾಯಿಸುವಂಥದ್ದಾ, ಸರ್ವಿಸ್ ಸೆಂಟರ್‌ಗೇ ಒಯ್ಯಬೇಕಾ ಅಂತಲೂ ಕೇಳಿ. ಅದು ತುಂಬಿದ ದಿನ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ.

ಹೆಜ್ಜೆ 8: ತಂದ ಮೇಲೆ ಸಾಕುವುದು

ಆಫ್ ಮಾಡುವಾಗ ಪ್ರಿಂಟರ್‌ನ ಬಟನ್ ಒತ್ತಿಯೇ ಆಫ್ ಮಾಡಿ. ಆಗ ಹೆಡ್ ತನ್ನ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಸುಮ್ನೆ ವೈರ್ ಕಿತ್ತರೆ ಅಥವಾ ಇನ್ವರ್ಟರ್ ಆಫ್ ಮಾಡಿದರೆ ಅದು ಮಧ್ಯದಲ್ಲೇ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಒಣಗಿದ ಹೆಡ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದವರಲ್ಲಿ ಬಹಳ ಜನ ಮಾಡಿದ್ದು ಇದೇ ತಪ್ಪು.

ವಾರಕ್ಕೊಂದು ಕಲರ್ ಪುಟ ಹಾಕಿ. ನಾವು ಸೋಮವಾರ ದಿನಸಿ ಪಟ್ಟಿಯನ್ನು ನಾಲ್ಕು ಬಣ್ಣದಲ್ಲಿ ಹಾಕುತ್ತೇವೆ. ಕೊತ್ತಂಬರಿ, ಕರಿಬೇವು ಹಸಿರು. ಟೊಮೆಟೊ ಕೆಂಪು. ಮಗನಿಗೆ ಖುಷಿ, ಹೆಡ್‌ಗೂ ಕ್ಷೇಮ.

ಇಂಕ್‌ಜೆಟ್‌ಗಳನ್ನು ಸಾಮಾನ್ಯವಾಗಿ 35–40 ಡಿಗ್ರಿ ಒಳಗೆ ಬಳಸಿ ಅಂತ ಕಂಪನಿಗಳೇ ಹೇಳುತ್ತವೆ. ಬೇಸಿಗೆಯಲ್ಲಿ ಮುಚ್ಚಿದ ಗಾಡಿ 50 ದಾಟುವುದು ಕಷ್ಟವಲ್ಲ. ನೆರಳು ಸಿಗದಿದ್ದರೆ ಕೊನೇಪಕ್ಷ ಬ್ಯಾಟರಿಯನ್ನಾದರೂ ಬಿಚ್ಚಿ ಚೀಲದಲ್ಲಿ ಜೊತೆಗೆ ಒಯ್ಯಿರಿ. ಪಾವಗಡ, ಮಧುಗಿರಿ ಕಡೆ ಹೋಗುವಾಗ ದಪ್ಪ ಹತ್ತಿ ಬಟ್ಟೆಯ ಚೀಲ ಹೊಲಿಸಿ ಪ್ರಿಂಟರ್‌ಗೆ ಹಾಕಿ. ಪ್ಲಾಸ್ಟಿಕ್ ಕವರ್ ಒಳಗೆ ಬೆವರು ಕಟ್ಟುತ್ತದೆ. ಶಿವಮೊಗ್ಗ ದಾಟಿ ಮಲೆನಾಡಿನ ಮಳೆಗೆ ಹೋದರೆ ಕಥೆ ಉಲ್ಟಾ. ಅಲ್ಲಿ ಹಾಳೆ ತೇವ ಹೀರಿ ಹಪ್ಪಳದ ಹಾಗೆ ಸೊಟ್ಟಗಾಗಿ ಜಾಮ್ ಆಗುತ್ತದೆ. ಹಾಳೆಗಳನ್ನು ಜಿಪ್ ಕವರ್‌ನಲ್ಲಿಟ್ಟು, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿಡಿ.

ಅಡುಗೆ ಕಟ್ಟೆಯಿಂದ ದೂರ ಇರಲಿ. ನೀರಿನ ಭಯಕ್ಕಲ್ಲ, ಒಗ್ಗರಣೆ ಭಯಕ್ಕೆ. ಪ್ರಿಂಟರ್ ಮುಚ್ಚಳ ತೆಗೆದರೆ ಉದ್ದಕ್ಕೂ ಒಂದು ತೆಳು ಪಾರದರ್ಶಕ ಪಟ್ಟಿ ಕಾಣುತ್ತದೆ. ಹೆಡ್ ತಾನು ಎಲ್ಲಿದ್ದೇನೆ ಅಂತ ಓದಿಕೊಳ್ಳುವುದು ಆ ಪಟ್ಟಿಯ ಸಣ್ಣ ಗೆರೆಗಳಿಂದ. ಎಣ್ಣೆ ಹೊಗೆ ಅದರ ಮೇಲೆ ಕೂತರೆ ಹೆಡ್ ದಿಕ್ಕು ತಪ್ಪಿ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ, ಎಳೆಯದೆ, ಹಗುರವಾಗಿ ಒರೆಸಿ. ಹಾಳೆ ಎಳೆಯುವ ರಬ್ಬರ್ ರೋಲರನ್ನೂ ಹಾಗೇ ಒರೆಸಿದರೆ "ಪೇಪರ್ ಇಲ್ಲ" ಅಂತ ಸುಳ್ಳು ಹೇಳುವುದನ್ನು ಬಿಡುತ್ತದೆ. ಗಾಡಿ ಓಡುವಾಗ ಪ್ರಿಂಟ್ ಹಾಕಬೇಡಿ.

ಇಷ್ಟಾಗಿಯೂ ಅಕ್ಷರ ಗೆರೆ ಗೆರೆಯಾಗಿ ಬಂದರೆ ಕ್ಲೀನಿಂಗ್ ಬಟನ್ ಎರಡು ಸಲ ಒತ್ತಿ, ಮೂರನೇ ಸಲ ಬೇಡ. ಪ್ರತಿ ಸಲವೂ ಇಂಕ್ ಸುಮ್ನೆ ಸ್ಪಂಜಿಗೆ ಹೋಗುತ್ತದೆ. ಹೆಡ್ ಇರುವ ಕಾರ್ಟ್ರಿಜ್ ಆದರೆ ಬಿಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಮಡಿಸಿದ ಟಿಶ್ಯೂ ಮೇಲೆ ತೂತುಗಳು ಕೆಳಮುಖವಾಗಿ ಒಂದು ನಿಮಿಷ ಇಡಿ. ಉಜ್ಜಬೇಡಿ, ಒತ್ತಿ ಹಿಡಿದರೆ ಸಾಕು. ಟಿಶ್ಯೂ ಮೇಲೆ ಬಣ್ಣ ಬಣ್ಣದ ಪಟ್ಟಿ ಮೂಡಿತು ಅಂದರೆ ಉಸಿರಾಡುತ್ತಿದೆ ಅಂತ ಅರ್ಥ. ಕಾರ್ಟ್ರಿಜ್ ಮೈಮೇಲೆ ಕರೆಂಟ್ ತಾಗುವ ತಾಮ್ರದ ಬಣ್ಣದ ಚುಕ್ಕೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ, ನಾಝಲ್ ಚೆಕ್ ತೆಗೆಯಿರಿ. ಹಾಸಿಗೆಯ ಮೇಲೆ ಕೂತು ಮಾತ್ರ ಈ ಕೆಲಸ ಮಾಡಬೇಡಿ.